ವಿಕ್ಕಾ ಮತವೂ ಹಳೆಯ ಮಾಟಗಾರಿಕೆಯೂ: ಒಂದು ಹೆಸರಿನ ನಾಲ್ಕು ಚರಿತ್ರೆಗಳು

ಕಳೆದ ದಸರೆಯ ರಜೆಗೆ ಉದಕಮಂಡಲಕ್ಕೆ ಬಂದಿದ್ದ ನಮ್ಮ ಮೊಮ್ಮಗಳು ಒಂದು ಸಂಜೆ ಇಂಗ್ಲಿಷ್ ಕಾದಂಬರಿಯೊಂದನ್ನು ಕೈಯಲ್ಲಿ ಹಿಡಿದು ಬಂದು, “ಅಜ್ಜಾ, ವಿಕ್ಕಾ ಅಂದರೆ ಕನ್ನಡದಲ್ಲಿ ಏನು?” ಎಂದು ಕೇಳಿದಳು. ಮೂವತ್ತಕ್ಕೂ ಹೆಚ್ಚು ವರ್ಷ ಚರಿತ್ರೆಯ ಪಾಠ ಹೇಳಿದ ಅಭ್ಯಾಸಬಲದಿಂದ ನಾವು ತಡವರಿಸದೆ “ಮಾಟ” ಎಂದುಬಿಟ್ಟೆವು. ಅವಳು ಒಪ್ಪಲಿಲ್ಲ. “ಹಾಗಾದರೆ ಇಂಗ್ಲೆಂಡಿನ ಜನಗಣತಿಯಲ್ಲಿ ಇದನ್ನು ಧರ್ಮ ಎಂದು ಏಕೆ ಬರೆಸುತ್ತಾರೆ?” ಎಂದಳು. ಉತ್ತರ ನಮ್ಮಲ್ಲಿರಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ನಾವು ಓದಿ ತಿಳಿದದ್ದನ್ನು ಸಂಘದ ಸಾಹಿತ್ಯ ಸಮ್ಮೇಳನದ ಈ ಸ್ಮರಣ ಸಂಚಿಕೆಯ ನೆಪದಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ. ಕನ್ನಡ ಸಂಘದ ಸಂಚಿಕೆಗೆ ಇಂಗ್ಲೆಂಡಿನ ಮಾಟಗಾರಿಕೆ ಏಕೆ ಎಂದು ಯಾರಾದರೂ ಹುಬ್ಬೇರಿಸಿದರೆ, ಕೊನೆಯವರೆಗೆ ಓದುವ ತಾಳ್ಮೆ ತೋರಬೇಕೆಂದು ಬೇಡುತ್ತೇವೆ. ಆ ಚರಿತ್ರೆಯ ದಾರಿ ತಿರುಗಿ ತಿರುಗಿ ನಮ್ಮ ಬೆಟ್ಟಕ್ಕೇ ಬಂದು ಸೇರುತ್ತದೆ.

ಮೊಮ್ಮಗಳು ಹೇಳಿದ್ದು ನಿಜ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಸುಮಾರು 13,000 ಮಂದಿ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದಾರೆ. ಅದೇ ಗಣತಿಯಲ್ಲಿ ಜೈನರೆಂದು ಬರೆಸಿದವರು ಸುಮಾರು 25,000. ಹಾಗಾದರೆ ನಾಲ್ಕು ಶತಮಾನಗಳ ಹಿಂದೆ ಅದೇ ನಾಡಿನಲ್ಲಿ ‘ವಿಚ್’ ಎಂಬ ಹೆಸರು ಹೊತ್ತು ಗಲ್ಲಿಗೇರಿದವರು ಇವರ ಪೂರ್ವಿಕರೇ? ಅವರ ಮತವನ್ನೇ ಇವರು ಗುಟ್ಟಾಗಿ ಉಳಿಸಿಕೊಂಡು ಬಂದರೇ? ಹೌದೆಂದು ಬಹುಕಾಲ ವಿದ್ವಾಂಸರೂ ನಂಬಿದ್ದರು, ತರಗತಿಯಲ್ಲಿ ನಾವೂ ಹಾಗೆಯೇ ಹೇಳಿದ್ದೆವು. ಅದು ತಪ್ಪು. ಒಂದೇ ಹೆಸರಿನಡಿಯಲ್ಲಿ ನಾಲ್ಕು ಬಗೆಯ ಜನರಿದ್ದಾರೆ: ಮಾಟಗಾತಿಯೆಂಬ ಆರೋಪಕ್ಕೆ ಗುರಿಯಾದವರು, ಊರಿಗೆ ಮಂತ್ರ ಮದ್ದು ಮಾಡುತ್ತಿದ್ದವರು, 20ನೆಯ ಶತಮಾನದಲ್ಲಿ ಹುಟ್ಟಿದ ವಿಕ್ಕಾ ಮತಸ್ಥರು, ವಿಕ್ಕಾವನ್ನು ಒಪ್ಪದೆ ತಮ್ಮದೇ ಹಳೆಯ ದಾರಿ ಎನ್ನುವ ಈಗಿನ ‘ಸಂಪ್ರದಾಯದ ಮಾಟಗಾರರು’. ಒಬ್ಬೊಬ್ಬರನ್ನಾಗಿ ನೋಡೋಣ.

ಆರೋಪಕ್ಕೆ ಗುರಿಯಾದವರು

ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧ ಮೊದಲ ಕಾಯ್ದೆ ಬಂದದ್ದು 1542ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ. ಅದು ಬೇಗನೆ ರದ್ದಾಯಿತು. 1563ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಮತ್ತೊಂದು, 1604ರಲ್ಲಿ ಮೊದಲನೆಯ ಜೇಮ್ಸ್‌ನ ಕಾಲದಲ್ಲಿ ಇನ್ನೂ ಕಠಿಣವಾದದ್ದೊಂದು ಬಂತು. ಸುಮಾರು 1450ರಿಂದ 1750ರವರೆಗೆ ಇಡೀ ಯೂರೋಪಿನಲ್ಲಿ ಈ ಆರೋಪದಿಂದ ಸತ್ತವರು 40ರಿಂದ 50 ಸಾವಿರ ಎಂದು ಇಂದಿನ ಚರಿತ್ರಕಾರರು ಅಂದಾಜು ಮಾಡುತ್ತಾರೆ. ತೊಂಬತ್ತು ಲಕ್ಷ ಎಂಬ ಲೆಕ್ಕವೊಂದು ಇಂದಿಗೂ ಚಾಲ್ತಿಯಲ್ಲಿದೆ. ಅದು 18ನೆಯ ಶತಮಾನದ ಜರ್ಮನ್ ಬರಹಗಾರನೊಬ್ಬ ಒಂದು ಊರಿನ ಲೆಕ್ಕವನ್ನು ಇಡೀ ಖಂಡಕ್ಕೆ ಹಿಗ್ಗಿಸಿದ್ದರಿಂದ ಹುಟ್ಟಿದ್ದು. ಇಂಗ್ಲೆಂಡಿನ ಪಾಲು ಸುಮಾರು 500. ಅಲ್ಲಿ ಮಾಟದ ಅಪರಾಧಕ್ಕೆ ಸುಡುತ್ತಿರಲಿಲ್ಲ, ಗಲ್ಲಿಗೇರಿಸುತ್ತಿದ್ದರು. ಹೆಚ್ಚಿನವರು ಹೆಂಗಸರು, ಬಡವರು, ವಯಸ್ಸಾದವರು.

1645ರಲ್ಲಿ ಎಸೆಕ್ಸ್ ಪ್ರಾಂತದ ಮ್ಯಾನಿಂಗ್‌ಟ್ರೀ ಎಂಬ ಊರಿನಲ್ಲಿ ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿಕಾಲಿನ ಮುದುಕಿಯನ್ನು ಹಿಡಿದರು. ಮ್ಯಾಥ್ಯೂ ಹಾಪ್ಕಿನ್ಸ್ ಎಂಬಾತ ತನ್ನನ್ನು ತಾನೇ ಮಾಟಗಾತಿಯರನ್ನು ಪತ್ತೆಹಚ್ಚುವ ದಂಡನಾಯಕನೆಂದು ಕರೆದುಕೊಂಡು, ಆಕೆಯನ್ನು ಹಲವು ರಾತ್ರಿ ನಿದ್ದೆಗೊಡದೆ ಕೂರಿಸಿದನು. ಕೊನೆಗೆ ಆಕೆ ಪ್ರಾಣಿರೂಪದ ಭೂತಗಳನ್ನು ಸಾಕಿರುವುದಾಗಿ ಒಪ್ಪಿಕೊಂಡಳು, ಬೇರೆಯವರ ಹೆಸರನ್ನೂ ಹೇಳಿದಳು. ಮುಂದಿನ ಸುಮಾರು ಎರಡು ವರ್ಷಗಳಲ್ಲಿ ಆ ಮನುಷ್ಯನ ತಿರುಗಾಟದಿಂದ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರೆಂದು ಎಣಿಕೆಯಿದೆ.

ನೆರೆಹೊರೆಯವರಲ್ಲಿ ಇಂಥ ಸಂಶಯ ಹುಟ್ಟುತ್ತಿದ್ದುದು ಹೇಗೆ? 1970ರ ಸುಮಾರಿನಲ್ಲಿ ಅಲನ್ ಮ್ಯಾಕ್ಫರ್ಲೇನ್ ಮತ್ತು ಕೀತ್ ಥಾಮಸ್ ಎಂಬ ಇಬ್ಬರು ಚರಿತ್ರಕಾರರು ನ್ಯಾಯಾಲಯದ ಹಳೆಯ ಕಡತಗಳನ್ನು ಓದಿ ಕಾರಣವೊಂದನ್ನು ತೋರಿಸಿದರು. ಬಡ ಮುದುಕಿ ನೆರೆಮನೆಗೆ ಹೋಗಿ ಹಾಲನ್ನೋ ಹಿಟ್ಟನ್ನೋ ಬೇಡುತ್ತಾಳೆ. ಮನೆಯವರು ಇಲ್ಲವೆನ್ನುತ್ತಾರೆ. ಆಕೆ ಗೊಣಗುತ್ತಾ ಹಿಂತಿರುಗುತ್ತಾಳೆ. ಕೆಲವು ದಿನಗಳಲ್ಲಿ ಆ ಮನೆಯ ಮಗುವೋ ದನವೋ ಕಾಯಿಲೆ ಬೀಳುತ್ತದೆ. ಕೊಡದೆ ಕಳಿಸಿದ ಮನಸ್ಸಿನ ಅಳುಕೇ ಆಗ ಆಕೆಯ ಮೇಲಿನ ಆರೋಪವಾಗಿ ತಿರುಗುತ್ತದೆ.

ಇದಕ್ಕೆ ನಮ್ಮ ಮನಸ್ಸನ್ನು ಕಲಕಿದ ಉದಾಹರಣೆ ಹರ್ಟ್‌ಫರ್ಡ್‌ಶೈರಿನ ಟ್ರಿಂಗ್ ಎಂಬ ಊರಿನದು. ರೂತ್ ಆಸ್ಬಾರ್ನ್ ಎಂಬ ಬಡ ಮುದುಕಿ ಬಟರ್‌ಫೀಲ್ಡ್ ಎಂಬಾತನ ಮನೆಗೆ ಹೋಗಿ ಮಜ್ಜಿಗೆ ಬೇಡಿದಳು. ಅವನು ಕೊಡಲಿಲ್ಲ. ಆಮೇಲೆ ಅವನ ಕರುಗಳಿಗೆ ರೋಗ ಬಂತು, ಅವನ ಮೈಗೂ ಸ್ವಸ್ಥವಿಲ್ಲದಾಯಿತು. ವರ್ಷಗಳ ನಂತರ, 1751ರ ಏಪ್ರಿಲ್‌ನಲ್ಲಿ, ಜನ ಗುಂಪುಗೂಡಿ ಆಕೆಯನ್ನು ಎಳೆದೊಯ್ದು ನೀರಿನಲ್ಲಿ ಮುಳುಗಿಸಿ ಕೊಂದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಾಟವನ್ನು ಅಪರಾಧವೆನ್ನುತ್ತಿದ್ದ ಕಾಯ್ದೆಯನ್ನು 1735ರಲ್ಲಿಯೇ ಪಾರ್ಲಿಮೆಂಟು ತೆಗೆದುಹಾಕಿತ್ತು. ಹೊಸ ಕಾಯ್ದೆಯ ದೃಷ್ಟಿಯಲ್ಲಿ ಮಾಟವೆಂಬುದೇ ಇಲ್ಲ, ಮಾಟ ಬರುತ್ತದೆಂದು ನಟಿಸಿ ಮೋಸಮಾಡುವುದು ಮಾತ್ರ ಅಪರಾಧ. ಗುಂಪಿನ ಮುಂದಾಳು ಥಾಮಸ್ ಕಾಲಿ ಎಂಬಾತನನ್ನು ಕೊಲೆಗಾಗಿ ಗಲ್ಲಿಗೇರಿಸಲಾಯಿತು. ಊರಿನ ಜನ ಮರುಗಿದ್ದು ಮಾತ್ರ ಮುದುಕಿಗಾಗಿ ಅಲ್ಲ, ಅವನಿಗಾಗಿ. ಕಾಯ್ದೆ ಬದಲಾಗಿ ಹದಿನೈದು ವರ್ಷ ಕಳೆದಿದ್ದರೂ ಜನರ ಮನಸ್ಸು ಬದಲಾಗಿರಲಿಲ್ಲ.

ಎಲಿಜಬೆತ್ ಕ್ಲಾರ್ಕಳಿಗಾಗಲಿ ರೂತ್ ಆಸ್ಬಾರ್ನಳಿಗಾಗಲಿ ಗುಪ್ತವಾದ ಬೇರೊಂದು ಮತವಿತ್ತು ಎನ್ನಲು ಆಧಾರವಿಲ್ಲ. ಅವರು ತಮ್ಮ ನೆರೆಹೊರೆಯವರಂತೆಯೇ ಕ್ರೈಸ್ತ ಸಮಾಜದ ಬಡ ಹೆಂಗಸರು.

ಊರಿನ ‘ಬಲ್ಲವರು’

ಎರಡನೆಯ ಬಗೆಯವರನ್ನು ಇಂಗ್ಲಿಷಿನಲ್ಲಿ ‘ಕನಿಂಗ್ ಫೋಕ್’ ಎನ್ನುತ್ತಾರೆ. ಕನಿಂಗ್ ಎಂಬುದಕ್ಕೆ ಇಂದು ಕಪಟವೆಂಬ ಅರ್ಥ ಬಂದಿದ್ದರೂ ಮೂಲದಲ್ಲಿ ಅದು ತಿಳಿವಳಿಕೆಯನ್ನು ಸೂಚಿಸುವ ಮಾತು. ಕನ್ನಡದಲ್ಲಿ ‘ಬಲ್ಲವರು’ ಎಂದರೆ ಸರಿಹೊಂದೀತು. ಕಳವಾದ ವಸ್ತುವನ್ನು ಪತ್ತೆಮಾಡಲು ಜರಡಿಯನ್ನು ಕತ್ತರಿಯ ಮೊನೆಗೆ ಸಿಕ್ಕಿಸಿ ತಿರುಗಿಸುವುದು, ಬೈಬಲ್ಲಿನ ನಡುವೆ ಬೀಗದಕೈ ಇಟ್ಟು ಶಕುನ ಕೇಳುವುದು, ಮೂಲಿಕೆಯ ಮದ್ದು ಕೊಡುವುದು, ಜಾತಕ ನೋಡುವುದು, ತಾಯಿತ ಬರೆಯುವುದು ಇವರ ಕಸುಬು. ಎಲ್ಲಕ್ಕಿಂತ ಮುಖ್ಯವಾಗಿ, ಯಾರೋ ಮಾಡಿಸಿದ ಮಾಟವನ್ನು ತೆಗೆಯುವುದು. ರೋಗಿಯ ಮೂತ್ರವನ್ನೂ ಸೂಜಿ ಮೊಳೆಗಳನ್ನೂ ಸೀಸೆಯಲ್ಲಿ ತುಂಬಿ ಒಲೆಯ ಮೇಲೆ ಕಾಯಿಸಿದರೆ ಮಾಟ ಮಾಡಿದವರಿಗೆ ಅದರ ನೋವು ತಟ್ಟುತ್ತದೆಂದು ನಂಬಿಕೆ. ಹಳೆಯ ಮನೆಗಳ ಒಲೆಗೂಡಿನ ಕೆಳಗೆ ಇಂಥ ಸೀಸೆಗಳು ಇಂದಿಗೂ ಸಿಕ್ಕುತ್ತವೆ.

ಎಸೆಕ್ಸಿನ ಹ್ಯಾಡ್ಲಿ ಎಂಬ ಊರಿನಲ್ಲಿದ್ದ ಜೇಮ್ಸ್ ಮರೆಲ್ ಇಂಥವರಲ್ಲಿ ಪ್ರಸಿದ್ಧನು. ವೃತ್ತಿಯಿಂದ ಚಮ್ಮಾರ. 1860ರಲ್ಲಿ ತೀರಿಕೊಂಡನು. ಮಾಟ ತೆಗೆಯಲೆಂದು ಊರಿನ ಕಮ್ಮಾರನಿಂದ ಕಬ್ಬಿಣದ ಸೀಸೆಗಳನ್ನು ಮಾಡಿಸಿಕೊಳ್ಳುತ್ತಿದ್ದನು. ಅವನು ಸತ್ತಾಗ ಪೆಟ್ಟಿಗೆಯ ತುಂಬ ಪುಸ್ತಕಗಳೂ ಕಾಗದಗಳೂ ಉಳಿದಿದ್ದವು. ಬಡವರೂ ಉಳ್ಳವರೂ ಅವನ ಬಾಗಿಲಿಗೆ ಬರುತ್ತಿದ್ದರು.

ಇಂಥವರ ವಿಷಯದಲ್ಲಿ ಮೂರು ಮಾತುಗಳನ್ನು ನೆನಪಿಡಬೇಕು. ಮೊದಲನೆಯದು, ಇವರು ತಮ್ಮನ್ನು ‘ವಿಚ್’ ಎಂದು ಕರೆದುಕೊಳ್ಳುತ್ತಿರಲಿಲ್ಲ; ವಿಚ್‌ಗಳ ಕಾಟ ಬಿಡಿಸುವವರು ತಾವು ಎನ್ನುತ್ತಿದ್ದರು. ಎರಡನೆಯದು, ಇವರ ಮಂತ್ರಗಳಲ್ಲಿ ಬರುತ್ತಿದ್ದುದು ಯೇಸುವಿನ, ತ್ರಿಮೂರ್ತಿಯ, ಸಂತರ ಹೆಸರುಗಳು ಮತ್ತು ಬೈಬಲ್ಲಿನ ಕೀರ್ತನೆಗಳು. ಮೂರನೆಯದು, ಇವರದು ಒಬ್ಬೊಬ್ಬರೇ ಹಣ ಪಡೆದು ಮಾಡುವ ಕಸುಬು. ಸಭೆ, ದೀಕ್ಷೆ, ಹಬ್ಬಗಳ ಚಕ್ರ ಯಾವುದೂ ಇರಲಿಲ್ಲ. ಇಷ್ಟಾದರೂ ಇವರು ಕೇವಲ ಉಪಕಾರಿಗಳೆಂದು ಹೇಳಲಾಗದು. “ನಿನಗೆ ಮಾಟ ಮಾಡಿದವಳು ಇಂಥವಳು” ಎಂಬ ಸುಳಿವು ಎಷ್ಟೋ ಸಲ ಹೊರಡುತ್ತಿದ್ದುದು ಇವರ ಬಾಯಿಂದಲೇ.

ಹೊಸ ಮತದ ಹುಟ್ಟು

ಇನ್ನು ವಿಕ್ಕಾ. ಹಳೆಯ ಇಂಗ್ಲಿಷಿನಲ್ಲಿ ಮಾಟಗಾರನಿಗೆ ಇದ್ದ ಶಬ್ದವೇ ಇದು; ಆಗ ಉಚ್ಚಾರ ‘ವಿಚ್ಚ’ ಎಂದಿತ್ತು. ಶಬ್ದ ಹಳೆಯದು, ಮತ ಹೊಸದು. ಅದರ ಹುಟ್ಟಿನ ಕಥೆಯಲ್ಲಿ ನಮ್ಮ ದೇಶದ ನಂಟು ಮೇಲಿಂದ ಮೇಲೆ ಕಾಣಿಸಿಕೊಳ್ಳುವುದು ಸ್ವಾರಸ್ಯದ ಸಂಗತಿ.

ಮಾರ್ಗರೆಟ್ ಮರ್ರೆ 1863ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಈಜಿಪ್ಟಿನ ಪ್ರಾಚ್ಯವಿದ್ಯೆಯ ಪಂಡಿತೆಯಾದವರು. 1921ರಲ್ಲಿ ಅವರು ಒಂದು ಪುಸ್ತಕ ಬರೆದು, ಗಲ್ಲಿಗೇರಿದವರು ನಿಜವಾಗಿಯೂ ಕ್ರೈಸ್ತಪೂರ್ವದ ಪ್ರಾಚೀನ ಮತವೊಂದರ ಅನುಯಾಯಿಗಳೆಂದೂ ಕೊಂಬಿನ ದೇವರನ್ನು ಪೂಜಿಸುತ್ತಿದ್ದರೆಂದೂ ವಾದಿಸಿದರು. ಬ್ರಿಟಾನಿಕಾ ವಿಶ್ವಕೋಶದಲ್ಲಿ ಈ ವಿಷಯದ ಲೇಖನವನ್ನು ದಶಕಗಳ ಕಾಲ ಅವರದೇ ಬರಹ ತುಂಬಿತ್ತು. ಮುಂದೆ ನಾರ್ಮನ್ ಕೋನ್ ಎಂಬ ವಿದ್ವಾಂಸರು ಮೂಲ ತಪ್ಪೊಪ್ಪಿಗೆಗಳನ್ನು 1975ರಲ್ಲಿ ಪರಿಶೀಲಿಸಿ ತೋರಿಸಿದ್ದೇನೆಂದರೆ, ಆಕಾಶದಲ್ಲಿ ಹಾರಿದೆ, ಪ್ರಾಣಿಯಾದೆ ಎಂಬಂಥ ಅಸಂಭವ ಭಾಗಗಳನ್ನು ಮರ್ರೆ ಬಿಟ್ಟು, ನಂಬಲರ್ಹವೆನಿಸುವ ಸಾಲುಗಳನ್ನು ಮಾತ್ರ ಉದ್ಧರಿಸಿದ್ದರು. ಹಿಂಸೆಯಿಂದ ಹೊರಟ ಮಾತನ್ನು ಪುರಾವೆ ಎಂದುಕೊಂಡದ್ದೇ ಮೂಲದ ದೋಷ.

ಜೆರಾಲ್ಡ್ ಗಾರ್ಡ್ನರ್ 1884ರಲ್ಲಿ ಲಂಕಾಶೈರಿನಲ್ಲಿ ಹುಟ್ಟಿದವನು. ಉಬ್ಬಸದ ಕಾಯಿಲೆಯವನು. ಎಳೆಯ ವಯಸ್ಸಿನಲ್ಲಿಯೇ ಸಿಂಹಳದ ಚಹಾತೋಟಕ್ಕೆ ಬಂದು, ಅಲ್ಲಿಂದ ಬೋರ್ನಿಯೋ, ಮಲಯಗಳಿಗೆ ಹೋಗಿ, ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, 1936ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದನು. ಮಲಯದ ಕಠಾರಿಗಳ ಬಗ್ಗೆ ಅವನು ಬರೆದ ಪುಸ್ತಕವಿದೆ. ನ್ಯೂ ಫಾರೆಸ್ಟ್ ಅರಣ್ಯದ ಬಳಿಯ ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿ ರಹಸ್ಯವಿದ್ಯೆಯ ಆಸಕ್ತರ ಒಂದು ಬಳಗವಿತ್ತು. ನಮ್ಮವರೆಲ್ಲ ಗೌರವಿಸುವ ಆನಿ ಬೆಸೆಂಟ್ ಅವರ ಮಗಳು ಮೇಬೆಲ್ ಬೆಸೆಂಟ್ ಸ್ಕಾಟ್ ಆ ಬಳಗದಲ್ಲಿದ್ದರು. ಅಲ್ಲಿ ಪರಿಚಯವಾದ ಕೆಲವರ ಮೂಲಕ 1939ರಲ್ಲಿ ತನಗೆ ಪ್ರಾಚೀನ ಮಾಟಪಂಥದ ದೀಕ್ಷೆಯಾಯಿತೆಂದು ಗಾರ್ಡ್ನರ್ ಹೇಳಿಕೊಂಡನು. ಅವನು ಹೆಸರಿಸಿದ ಡೊರೊತಿ ಕ್ಲಟರ್‌ಬಕ್ ಎಂಬಾಕೆ ಕಲ್ಪನೆಯಲ್ಲ, ನಿಜವಾಗಿ ಇದ್ದವರು. ಭಾರತದಲ್ಲಿದ್ದ ಸೇನಾಧಿಕಾರಿಯೊಬ್ಬನ ಮಗಳು, 1880ರಲ್ಲಿ ಇಲ್ಲಿಯೇ ಹುಟ್ಟಿದವರು. ಆದರೆ ಆಕೆಗೂ ಆ ಪಂಥಕ್ಕೂ ನಂಟಿತ್ತೇ ಎಂಬುದು ಇಂದಿಗೂ ಚರ್ಚೆಯ ವಿಷಯ.

1951ರಲ್ಲಿ ಪಾರ್ಲಿಮೆಂಟು 1735ರ ಕಾಯ್ದೆಯನ್ನೂ ರದ್ದುಮಾಡಿತು. 1944ರಲ್ಲಿ ಹೆಲೆನ್ ಡಂಕನ್ ಎಂಬ, ಪ್ರೇತಗಳೊಡನೆ ಮಾತಾಡುವೆನೆನ್ನುತ್ತಿದ್ದ ಹೆಂಗಸಿಗೆ ಆ ಕಾಯ್ದೆಯಡಿ ಒಂಬತ್ತು ತಿಂಗಳ ಸೆರೆಯಾಗಿತ್ತು. ಕಾಯ್ದೆ ಹೋದಮೇಲೆ ಗಾರ್ಡ್ನರ್ ನಿರ್ಭಯನಾಗಿ 1954ರಲ್ಲಿ ತನ್ನ ಪಂಥದ ವಿಷಯವಾಗಿ ಪುಸ್ತಕ ಪ್ರಕಟಿಸಿದನು. ಮುನ್ನುಡಿ ಬರೆದವರು ಮಾರ್ಗರೆಟ್ ಮರ್ರೆ. ಅವನ ಶಿಷ್ಯೆ ಡೊರೀನ್ ವ್ಯಾಲಿಯೆಂಟೆ ಜಾಣೆ. ಪ್ರಾಚೀನವೆಂದು ಗುರು ಕೊಟ್ಟ ಗ್ರಂಥದಲ್ಲಿ ಅಲಿಸ್ಟರ್ ಕ್ರೌಲಿ ಎಂಬ ಸಮಕಾಲೀನನ ಸಾಲುಗಳಿರುವುದನ್ನು ಆಕೆ ಗುರುತಿಸಿ, ಅವುಗಳಲ್ಲಿ ಹಲವನ್ನು ತೆಗೆದು, ತಾನೇ ಹೊಸದಾಗಿ ಬರೆದರು. ವಿಕ್ಕಾ ಮತದ ಅತ್ಯಂತ ಸುಂದರವಾದ ಪಾಠಭಾಗಗಳು ಆಕೆಯ ಲೇಖನಿಯವು.

ವಿಕ್ಕಾದ ನಂಬಿಕೆ ಮತ್ತು ಆಚರಣೆ

ವಿಕ್ಕಾದಲ್ಲಿ ದೇವರು ಎರಡು ರೂಪ. ಚಂದ್ರನೊಡನೆ ಸೇರಿಸಿ ಭಾವಿಸುವ ದೇವಿ ಮತ್ತು ಕೊಂಬುಳ್ಳ ದೇವ. ವರ್ಷಕ್ಕೆ ಎಂಟು ಹಬ್ಬ: ಅಕ್ಟೋಬರ್ ಕೊನೆ, ಫೆಬ್ರವರಿ, ಮೇ, ಆಗಸ್ಟ್ ತಿಂಗಳುಗಳ ಆರಂಭದ ನಾಲ್ಕು, ಎರಡು ಅಯನಗಳು ಮತ್ತು ಎರಡು ವಿಷುವಗಳ ನಾಲ್ಕು. ಇವಲ್ಲದೆ ಹುಣ್ಣಿಮೆಯ ಕೂಟಗಳು. ಹದಿಮೂರು ಮಂದಿಗೆ ಮೀರದ ಗುಂಪು ಆದರ್ಶ. ಕಪ್ಪು ಹಿಡಿಯ ಕಠಾರಿಯಿಂದ ವೃತ್ತ ಕಟ್ಟಿ, ನಾಲ್ಕು ದಿಕ್ಕುಗಳನ್ನು ಆಹ್ವಾನಿಸಿ ಪೂಜೆ ನಡೆಯುತ್ತದೆ. ಗಾರ್ಡ್ನರನ ಪರಂಪರೆಯಲ್ಲಿ ವಸ್ತ್ರ ಧರಿಸದೆ ಪೂಜಿಸುವ ಪದ್ಧತಿಯಿದೆ. ದೀಕ್ಷೆ ಮೂರು ಹಂತ. ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ದೀಕ್ಷೆ ಕೊಡಬೇಕೆಂಬುದು ರೂಢಿ. ದೀಕ್ಷಿತರು ಪೂಜಾಗ್ರಂಥವನ್ನು ಕೈಯಿಂದ ನಕಲು ಮಾಡಿಕೊಳ್ಳುತ್ತಾರೆ. ಯಾರಿಗೂ ಕೇಡಾಗದಿದ್ದರೆ ನಿನ್ನ ಇಚ್ಛೆಯಂತೆ ನಡೆ ಎಂಬುದು ಅವರ ನೀತಿಯ ತಿರುಳು. ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆಂಬ ನಂಬಿಕೆ ಹಲವರದು. ಪುನರ್ಜನ್ಮವನ್ನೂ ಬಹುಮಂದಿ ಒಪ್ಪುತ್ತಾರೆ. ಸೈತಾನನನ್ನು ಅವರು ಪೂಜಿಸುವುದಿಲ್ಲ. ಸೈತಾನನು ಕ್ರೈಸ್ತರ ಕಲ್ಪನೆ, ತಮಗೆ ಸಂಬಂಧವಿಲ್ಲ ಎನ್ನುತ್ತಾರೆ.

ಹ್ಯಾಡ್ಲಿಯ ಚಮ್ಮಾರನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಅಂತರ ತಾನಾಗಿ ತಿಳಿಯುತ್ತದೆ. ಅವನಿಗೆ ದೇವಿಯಿಲ್ಲ, ಎಂಟು ಹಬ್ಬವಿಲ್ಲ, ಗುಂಪಿಲ್ಲ. ಇವರಿಗೆ ಕಾಸು ಕೊಟ್ಟು ಕಳವು ಪತ್ತೆಮಾಡಿಸುವ ಗಿರಾಕಿಗಳಿಲ್ಲ. ಅವನಲ್ಲಿ ಮಂತ್ರವೆಂಬುದು ಊರಿನ ಕಷ್ಟಕ್ಕೆ ಒಂದು ಸಾಧನ. ಇವರಲ್ಲಿ ಅದು ಪೂಜೆಯ ಒಂದು ಅಂಗ.

‘ಸಂಪ್ರದಾಯ’ದ ಹೊಸ ವಾರಸುದಾರರು

ಗಾರ್ಡ್ನರ್ 1964ರಲ್ಲಿ ಹಡಗಿನ ಪ್ರಯಾಣದಲ್ಲಿ ತೀರಿಕೊಂಡನು. ಆ ಹೊತ್ತಿಗೆ ಅವನ ಮತವನ್ನು ಅಲ್ಲಗಳೆಯುವ ದನಿಯೊಂದು ಎದ್ದಿತ್ತು. ರಾಬರ್ಟ್ ಕಾಕ್ರೇನ್ ಎಂಬ ಹೆಸರಿನಿಂದ ಬರೆಯುತ್ತಿದ್ದ ತರುಣನೊಬ್ಬ, ತನ್ನದು ಮನೆತನದಿಂದ ಬಂದ ನಿಜವಾದ ಹಳೆಯ ಮಾಟವಿದ್ಯೆ, ಗಾರ್ಡ್ನರನದು ಕಟ್ಟಿಕೊಂಡದ್ದು ಎಂದನು. ಬೈಬಲ್ಲಿನಲ್ಲಿ ಬರುವ ತೂಬಲ್ ಕಾಯಿನ್ ಎಂಬ ಕಮ್ಮಾರನ ಹೆಸರನ್ನು ತನ್ನ ಬಳಗಕ್ಕೆ ಇಟ್ಟನು. ಇಲ್ಲಿ ವಸ್ತ್ರ ಧರಿಸಿಯೇ, ಸಾಧ್ಯವಾದಷ್ಟೂ ಬಯಲಿನಲ್ಲಿ, ಬೆಟ್ಟದಲ್ಲಿ ಆಚರಣೆ. ಕವಲುಕೋಲೊಂದನ್ನು ನೆಟ್ಟರೆ ಅದೇ ಪೀಠ. ಮೂರು ಹಂತದ ದೀಕ್ಷೆಯಿಲ್ಲ. ಮೂರು ಪಟ್ಟಿನ ನಿಯಮವಿಲ್ಲ. ಬರೆದಿಟ್ಟ ಗ್ರಂಥಕ್ಕಿಂತ ಆವೇಶ, ಪಿತೃಗಳು, ಸ್ಥಳದೇವತೆಗಳು ಮುಖ್ಯ. ದೇವಿಯ ಕೃಪೆಗಿಂತ ವಿಧಿಯ ಒಗಟು ಇವರ ಚಿಂತನೆಯ ಕೇಂದ್ರ. ವ್ಯಾಲಿಯೆಂಟೆ ಕೆಲವು ಕಾಲ ಇವನೊಡನೆ ಸೇರಿದ್ದು, ಆಮೇಲೆ ಬೇರೆಯಾದರು. 1966ರಲ್ಲಿ ವಿಷಮೂಲಿಕೆಯ ಸೇವನೆಯಿಂದ ಅವನು ಇನ್ನೂ ತರುಣನಾಗಿರುವಾಗಲೇ ಸತ್ತನು. ಅವನ ಮನೆತನದ ಕಥೆಗೂ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಇಂದು ‘ಸಂಪ್ರದಾಯದ ಮಾಟಗಾರಿಕೆ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇರುವ ಹಲವು ಬಳಗಗಳು ಅವನಿಂದ ಪ್ರೇರಣೆ ಪಡೆದವು. ಮರೆಲ್‌ನಂಥ ಬಲ್ಲವರ ಮದ್ದುಮಂತ್ರಗಳನ್ನೂ, ಅವುಗಳಲ್ಲಿದ್ದ ಬೈಬಲ್ ಕೀರ್ತನೆಗಳನ್ನೂ ಕೆಲವರು ಬಿಡದೆ ಬಳಸುತ್ತಾರೆ. ಅಷ್ಟರಮಟ್ಟಿಗೆ ಅವರು ಹಳೆಯದಕ್ಕೆ ಹತ್ತಿರ. ಆದರೂ ಕೂಟ, ವ್ರತ, ತತ್ತ್ವ ಇವೆಲ್ಲ 20ನೆಯ ಶತಮಾನದವೇ.

ಉದಕಮಂಡಲದಲ್ಲಿ ಹುಟ್ಟಿದ ಚರಿತ್ರಕಾರ

ಈ ಕಗ್ಗಂಟನ್ನು ಬಿಡಿಸಿದ ಪುಸ್ತಕ 1999ರಲ್ಲಿ ಪ್ರಕಟವಾಯಿತು. ಬರೆದವರು ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರೊನಾಲ್ಡ್ ಹಟ್ಟನ್. ಅವರ ಜನನ 1953ರಲ್ಲಿ, ನಮ್ಮ ಉದಕಮಂಡಲದಲ್ಲಿ! ಇದನ್ನು ಓದಿದಾಗ ನಮಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮೇಲೆ ಹೆಸರಿಸಿದ ಅಲನ್ ಮ್ಯಾಕ್ಫರ್ಲೇನರೂ ಶಿಲ್ಲಾಂಗಿನಲ್ಲಿ ಹುಟ್ಟಿದವರು. ವಿಕ್ಕಾವು 20ನೆಯ ಶತಮಾನದ ನಡುವಿನಲ್ಲಿ ರೂಪುಗೊಂಡ ಮತವೆಂದು ಹಟ್ಟನ್ ಸಾಕ್ಷ್ಯಸಮೇತ ತೋರಿಸಿದರು. ಆದರೆ ಅದಕ್ಕಾಗಿ ಅದನ್ನು ಹೀಯಾಳಿಸಲಿಲ್ಲ. ಇಂಗ್ಲೆಂಡು ಜಗತ್ತಿಗೆ ಕೊಟ್ಟ ಏಕೈಕ ಪೂರ್ಣ ಮತವೆಂದು ಅದನ್ನು ಗೌರವದಿಂದಲೇ ಕಂಡರು. ಯಾವ ಮತವೂ ಒಂದು ಕಾಲದಲ್ಲಿ ಹೊಸದೇ ಅಲ್ಲವೇ? ವಿಕ್ಕಾ ಮತಸ್ಥರಲ್ಲಿಯೂ ಅನೇಕರು ಈ ತೀರ್ಮಾನವನ್ನು ಒಪ್ಪಿಕೊಂಡು ತಮ್ಮ ಪೂಜೆಯನ್ನು ಮುಂದುವರಿಸಿದ್ದಾರೆ.

ನಮ್ಮ ಬೆಟ್ಟದ ಮಾತು

ಹಟ್ಟನ್ ಹುಟ್ಟಿದ ಈ ಬೆಟ್ಟಕ್ಕೂ ಇದೇ ಬಗೆಯ ಚರಿತ್ರೆಯಿದೆ ಎಂಬುದನ್ನು ಹಿರಿಯರು ಬಲ್ಲರು. ನೀಲಗಿರಿಯ ಕುರುಂಬರು ಕಾಡಿನ ಮೂಲಿಕೆ ಬಲ್ಲವರು. ಬಿತ್ತನೆಗೂ ಕೊಯ್ಲಿಗೂ ಮೊದಲ ಕೈ ಹಾಕಲು ಬಡಗರ ಹಟ್ಟಿಗಳಿಗೆ ಕುರುಂಬರನ್ನು ಕರೆಸುತ್ತಿದ್ದರು. ಕೇಡು ತಟ್ಟದಂತೆ ಕಾಯುವ ಹೊಣೆಯೂ ಅವರದೇ. ಅದೇ ಜನಕ್ಕೆ ಮಾಟಗಾರರೆಂಬ ಭಯದ ಹೆಸರೂ ಅಂಟಿತ್ತು. ಊರಿನಲ್ಲಿ ರೋಗ ಹಬ್ಬಿದಾಗ, ದನ ಸತ್ತಾಗ, 19ನೆಯ ಶತಮಾನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕುರುಂಬರ ಕುಟುಂಬಗಳನ್ನೇ ಕೊಂದ ಪ್ರಸಂಗಗಳು ಆಗಿನ ಸರ್ಕಾರಿ ಬರಹಗಳಲ್ಲಿ ದಾಖಲಾಗಿವೆ. ಯಾರನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ಮದ್ದು ಕೊಟ್ಟ ಕೈಯನ್ನೇ ಮಾಟದ ಕೈಯೆಂದು ಶಂಕಿಸುವ ಮನಸ್ಸು ಒಂದು ದೇಶದ್ದಲ್ಲ, ಒಂದು ಜಾತಿಯದ್ದೂ ಅಲ್ಲ. ಟ್ರಿಂಗಿನ ಮಜ್ಜಿಗೆಯ ಕಥೆ ಓದುವಾಗ ನಮಗೆ ನೆನಪಾದದ್ದು ಇದು.

ಇದು ಮುಗಿದ ಕಾಲದ ಮಾತೂ ಅಲ್ಲ. ಹೆಂಗಸರನ್ನು ಡಾಕಿಣಿಯೆಂದು ಹೆಸರಿಟ್ಟು ಹಿಂಸಿಸುವುದನ್ನು ತಡೆಯಲು ಬಿಹಾರ 1999ರಲ್ಲಿ ಕಾಯ್ದೆ ಮಾಡಬೇಕಾಯಿತು. ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಮಾಟ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ಕಾಯ್ದೆ ತಂದವು. ಕಾಯ್ದೆಯೊಂದರಿಂದಲೇ ಜನರ ಮನಸ್ಸು ತಿರುಗುವುದಿಲ್ಲ ಎಂಬುದನ್ನು 1751ರ ಟ್ರಿಂಗ್ ತೋರಿಸಿಕೊಟ್ಟಿದೆ. ಆ ಕೆಲಸ ಮನೆಯಲ್ಲಿ, ಶಾಲೆಯಲ್ಲಿ ಆಗಬೇಕು. ನಾವು ಬಳಸುವ ಶಬ್ದಗಳಲ್ಲಿಯೂ ಆಗಬೇಕು.

ಮೊಮ್ಮಗಳಿಗೆ ನಾವು ಕೊನೆಗೆ ಪತ್ರ ಬರೆದು ತಪ್ಪೊಪ್ಪಿಕೊಂಡೆವು. ವಿಕ್ಕಾವನ್ನು ಮಾಟವೆನ್ನಬೇಡ, ವಿಕ್ಕಾ ಮತವೆನ್ನು. ಮರೆಲ್‌ನಂಥವರನ್ನು ನಾಟಿವೈದ್ಯ, ಮಂತ್ರವಾದಿ ಎಂದರೆ ಸಾಕು. ಕಾಕ್ರೇನನ ಬಳಗದವರನ್ನು ಅವರು ಕರೆದುಕೊಳ್ಳುವ ಹೆಸರಿನಿಂದಲೇ ಕರೆ. ಆದರೆ ಎಲಿಜಬೆತ್ ಕ್ಲಾರ್ಕಳನ್ನೂ ರೂತ್ ಆಸ್ಬಾರ್ನಳನ್ನೂ ಮಾಟಗಾತಿ ಎನ್ನಬೇಡ. ಅದು ಅವರನ್ನು ಕೊಂದವರು ಇಟ್ಟ ಹೆಸರು. ಅವರ ಹೆಸರು ಅವರಿಗೆ ಇದ್ದೇ ಇದೆ ಎಂದು ಬರೆದೆವು.

 ನಾವು ತರಗತಿಯಲ್ಲಿ ಹೇಳಿದ್ದನ್ನು ಯಾರಾದರೂ ಇನ್ನೂ ನೆನಪಿಟ್ಟಿದ್ದರೆ, ಅದನ್ನು ದಯವಿಟ್ಟು ತಿದ್ದಿಕೊಳ್ಳಬೇಕು.